ಅಡುಗೆಮನೆಗೆ ಹೋಗದ ಪ್ರಶ್ನಾವಳಿ

ಸೆಮಿನಾರಿನಲ್ಲಿ ಸವಿತಾ ತನ್ನ ಪ್ರಬಂಧ ಓದುತ್ತಿದ್ದಷ್ಟು ಹೊತ್ತು ಯಾರೂ ಮೊಬೈಲ್ ಮುಟ್ಟಲಿಲ್ಲ. ನನಗೆ ಹೊಟ್ಟೆಕಿಚ್ಚು ಶುರುವಾಗಿದ್ದು ಆಗಲೇ.

ಸವಿತಾ ಯಾರು ಅಂತೀರಾ? ಗದಗಿನ ನಮ್ಮ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುವವಳು. ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ, ಈಗ ಸ್ಟಾಫ್ ರೂಮಿನಲ್ಲಿ ಪಕ್ಕದ ಕುರ್ಚಿ. ಸಂಶೋಧನಾ ವಿಧಾನದ ಓನಾಮ ಅವಳಿಗೆ ಕಲಿಸಿದವನು ನಾನೇ. (ಇದನ್ನು ಅವತ್ತಿನ ಸೆಮಿನಾರಿನಲ್ಲಿ ಎರಡು ಸಲ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.)

ಇಬ್ಬರ ವಿಷಯವೂ ಒಂದೇ. ಹಳ್ಳಿಯ ಹುಡುಗಿಯರು ಹತ್ತನೇ ಕ್ಲಾಸಿನ ನಂತರ ಕಾಲೇಜಿಗೆ ಯಾಕೆ ಬರುವುದಿಲ್ಲ?

ನಾನು ನಲವತ್ತು ಪ್ರಶ್ನೆಗಳ ಹಾಳೆ ಹಿಡಿದು ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿ ಹಳ್ಳಿ ಸುತ್ತಿದ್ದೆ. ಬಿಸಿಲಿನಲ್ಲಿ, ಬೈಕಿನ ಮೇಲೆ. ಮನೆಯ ಯಜಮಾನರನ್ನು ಕೂರಿಸಿಕೊಂಡು ಕೇಳಿ ಕೇಳಿ ಟಿಕ್ ಹಾಕಿದ್ದೆ. ಹೆಚ್ಚಿನವರ ಉತ್ತರ ಒಂದೇ: ‘ಬಸ್ಸಿನ ಅನುಕೂಲ ಇಲ್ಲ’. ಗ್ರಾಫ್ ಚಂದ ಬಂದಿತ್ತು.

ಸವಿತಾ ಏನು ಮಾಡಿದಳು? ಹದಿನೈದು ದಿನ ಶಿರಹಟ್ಟಿ ಬಸ್ಸಿನಲ್ಲಿ ಕಾಲೇಜು ಹುಡುಗಿಯರ ಜೊತೆ ಓಡಾಡಿದಳು. ಅಷ್ಟೇ. ಕೈಯಲ್ಲಿ ಹಾಳೆಯಿಲ್ಲ, ಪೆನ್ನಿಲ್ಲ. ಅವರೊಂದಿಗೆ ಶೇಂಗಾ ತಿಂದಳು, ಮನೆಗೆ ಬಂದು ಬರೆದಳು. ಅದಕ್ಕೆ ಪ್ರಿನ್ಸಿಪಾಲರು ಕಣ್ಣು ಒರೆಸಿಕೊಂಡರು. ನನ್ನ ಗ್ರಾಫ್ ನೋಡಿ ಯಾರಾದರೂ ಕಣ್ಣು ಒರೆಸಿಕೊಂಡಿದ್ದರೆ ಅದು ನಿದ್ದೆಗೆ.

ಎದ್ದು ನಿಂತೆ. “ಎಷ್ಟು ಮಂದಿ ಕೂಡ ಮಾತಾಡೀಯವಾ?”

“ಹನ್ನೊಂದು ಮಂದಿರಿ ಸರ್.”

“ಹನ್ನೊಂದು ಮಂದಿ ಅಂದ್ರ ತಾಲೂಕೇನು? ಮತ್ತ ಇವರೆಲ್ಲಾ ಬಸ್ ಹತ್ತಿದವರು. ಹತ್ತದವರು ಯಾಕ ಹತ್ತಲಿಲ್ಲ ಅನ್ನೂದು ಇವರನ್ನ ಕೇಳಿದ್ರ ಹೆಂಗ ಗೊತ್ತಾಗತೈತಿ?”

ಪ್ರಶ್ನೆ ಸರಿಯಾಗಿಯೇ ಇತ್ತು. ಕೇಳಿದ ಉದ್ದೇಶ ಸರಿಯಿರಲಿಲ್ಲ.

ಸವಿತಾ ಸ್ವಲ್ಪ ಯೋಚಿಸಿದಳು. “ಖರೆ ಐತ್ರಿ ಸರ್. ಹತ್ತದವರ ಮನಿ ಯಾವು ಅನ್ನೂದು ನಿಮ್ಮ ಸರ್ವೇ ಯಾದ್ಯಾಗ ಐತಿ. ಇಬ್ರೂ ಕೂಡಿ ಹೋಗೂಣಲ್ರಿ.”

ಎದುರಾಳಿ ಒಪ್ಪಿಕೊಂಡುಬಿಟ್ಟರೆ ಜಗಳ ಆಡುವುದು ಯಾರ ಜೊತೆ?

ಮುಂದಿನ ಭಾನುವಾರ ಹೋದೆವು. ಊರಿನ ಹೆಸರು ಬೇಡ. ಯಜಮಾನನನ್ನು ಬಸಣ್ಣ ಅನ್ನೋಣ, ಮಗಳನ್ನು ರೇಣುಕಾ. ಪಡಸಾಲೆಯಲ್ಲಿ ಚಾಪೆ ಹಾಸಿದ ಬಸಣ್ಣ, “ಆವಾಗ ಬರಿಸಿದ್ನೆಲ್ರಿ ಸರ್, ಬಸ್ಸಿನ ತ್ರಾಸು ಅಂತ” ಅಂದ. ಸವಿತಾ ನೀರು ಕೇಳಿ ಒಳಗೆ ಹೋದಳು. ಹೋದವಳು ಬರಲೇ ಇಲ್ಲ.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಪಿಸುಮಾತು. ಯಾರೋ ಅತ್ತಂತೆ, ಆಮೇಲೆ ನಕ್ಕಂತೆ. ನಾನು ಬಸಣ್ಣನೊಂದಿಗೆ ಹೆಸರುಕಾಳಿನ ರೇಟು ಮಾತಾಡುತ್ತ ಒಂದು ಕಿವಿಯನ್ನು ಅಡುಗೆಮನೆಯಲ್ಲೇ ಬಿಟ್ಟಿದ್ದೆ. ಏನೂ ಕೇಳಿಸಲಿಲ್ಲ.

ವಾಪಸು ಬರುವಾಗ ತಡೆಯಲಾಗಲಿಲ್ಲ. “ಏನಂದಳು ಹುಡುಗಿ?”

“ಹೇಳಾಕ ಬರೂದಿಲ್ರಿ ಸರ್. ಯಾರಿಗೂ ಹೇಳಬ್ಯಾಡ್ರಿ ಅಂದಾಳ.”

“ನನಗೂ?”

“ನೀವ ಕಲಿಸೀರೆಲ್ರಿ, ಮಾತು ಕೊಟ್ಟಮ್ಯಾಲ ಮುಗೀತು ಅಂತ.”

ಕಲಿಸಿದ್ದೆ, ಹೌದು. ಪರೀಕ್ಷೆಗೆ ಬರುವ ಐದು ಮಾರ್ಕಿನ ಪ್ರಶ್ನೆ ಅದು.

ಆಮೇಲೆ ಸವಿತಾಳ ಪ್ರಬಂಧ ಅಚ್ಚಾಯಿತು. ಕದ್ದು ಓದುವವನಂತೆ ಓದಿದೆ. ರೇಣುಕಾಳ ಸುದ್ದಿ ಒಂದಕ್ಷರವೂ ಇಲ್ಲ. ಸಿಕ್ಕ ಬಂಗಾರವನ್ನು ಬಿಟ್ಟುಕೊಟ್ಟಿದ್ದಳು. ನನ್ನ ಸಂಕಟ ಇನ್ನೂ ಹೆಚ್ಚಾಯಿತು.

ಮೊನ್ನೆ ಅಡ್ಮಿಷನ್ ಗದ್ದಲದಲ್ಲಿ ಬಸಣ್ಣ ಮಗಳೊಂದಿಗೆ ಕಾಲೇಜಿಗೆ ಬಂದ. ನನ್ನನ್ನು ನೋಡಿದವನೇ ಬದಿಗೆ ಕರೆದ.

“ಸರ್, ಅವತ್ತ ನಿಮಗ ಸುಳ್ಳು ಬರಿಸಿದ್ನಿ. ಈಕಿ ಗಣಿತದಾಗ ಫೇಲ್ ಆಗಿದ್ಲು. ಯಾರೋ ಪಾಸ್ ಅಂದ್ರು ಅಂತ ನಾ ಓಣಿಗೆಲ್ಲಾ ಪೇಢೆ ಹಂಚಿಬಿಟ್ಟಿದ್ನಿ. ಆಮ್ಯಾಲ ಹೆಂಗ ಹೇಳ್ಲಿ? ಮಗಳನ್ನ ಕಾಲೇಜಿಗೆ ಯಾಕ ಕಳಸವಲ್ಲಿ ಅಂತ ಮಂದಿ ಕೇಳಿದ್ರ ಬಸ್ಸಿಲ್ಲ ಅಂತಿದ್ನಿ. ನೀವೂ ಕೇಳಿದ್ರಿ. ನಿಮಗೂ ಅದನ್ನ ಹೇಳಿದ್ನಿ.”

ಉಳಿದದ್ದನ್ನೂ ಅವನೇ ಹೇಳಿದ. ಸವಿತಾ ಗದಗಿನಲ್ಲಿ ಗಣಿತದ ಮೇಡಂ ಒಬ್ಬರನ್ನು ಗೊತ್ತುಮಾಡಿಕೊಟ್ಟಿದ್ದಳು. ಹುಡುಗಿ, ಹೊಲಿಗೆ ಕಲಿಯಲು ಹೋಗುತ್ತೇನೆ ಎಂದು ಊರಿಗೆ ಹೇಳಿ, ದಿನಾ ಬಂದು ಹೋಗಿ, ಮರುಪರೀಕ್ಷೆ ಪಾಸಾಗಿದ್ದಳು. ಬಂದು ಹೋಗಿದ್ದು ಬಸ್ಸಿನಲ್ಲೇ.

ನನ್ನ ಗ್ರಾಫ್ ಪೂರ್ತಿ ಸುಳ್ಳಲ್ಲ. ಬಸ್ಸೇ ಇಲ್ಲದ ಹಳ್ಳಿಗಳನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಆ ಯಾದಿ ಇಲ್ಲದಿದ್ದರೆ ಸವಿತಾ ರೇಣುಕಾಳ ಮನೆಗೆ ಮುಟ್ಟುತ್ತಲೂ ಇರಲಿಲ್ಲ. ಆದರೆ ಯಾವ ಟಿಕ್ ಬಸ್ಸಿನದು, ಯಾವುದು ಪೇಢೆಯದು? ಹಾಳೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

“ಇದನ್ನ ಪೇಪರಿನ್ಯಾಗ ಬರೀಲೇನು?” ಅಂತ ಕೇಳಿದೆ. ಬಸಣ್ಣ ಮಗಳ ಮುಖ ನೋಡಿದ.

“ಬರೀರಿ” ಅಂದಳು ರೇಣುಕಾ. “ಈಗ ಪಾಸಾಗೀನೆಲ್ರಿ. ಹೆಸರು ಹಾಕಬ್ಯಾಡ್ರಿ ಅಷ್ಟ. ಅಕ್ಕಾರು ಎಲ್ಲಿ ಅದಾರ್ರಿ?”

ಕೈ ತೋರಿಸಿದೆ. ಅಪ್ಪ, ಮಗಳು ನನ್ನನ್ನು ಅಲ್ಲೇ ಬಿಟ್ಟು ಸವಿತಾಳ ಕಡೆ ನಡೆದರು.

ಅವತ್ತಿನ ಆ ಗುಟ್ಟು ನನ್ನ ಕೈಗೆ ಸಿಕ್ಕಿದ್ದರೆ ಪ್ರಬಂಧದ ಮೊದಲ ಪುಟಕ್ಕೇ ಹಾಕುತ್ತಿದ್ದೆ. ಇದು ಜನರಿಗೆ ನನ್ನ ಮುಖ ನೋಡಿದರೇ ಗೊತ್ತಾಗುತ್ತದೆಯೇ?