ನಿದ್ದೆ ಕಾಯುವ ಬೀದಿ

ನಡೆದದ್ದು ಇಷ್ಟೇ: ನಮ್ಮ ನಾದಿನಿಯ ಮದುವೆ ಗೊತ್ತಾದದ್ದು ನನ್ನ ಜಾಣತನದಿಂದಲ್ಲ, ಕೋಳಿ ವಿಷಯಕ್ಕೆ ನಾನು ಮೂರು ತಿಂಗಳಿಂದ ಮಾತು ಬಿಟ್ಟಿದ್ದ ಪಕ್ಕದ ಮನೆ ಕನ್ನಿಯಮ್ಮನಿಂದ. ಸಮಾಜ, ಒಗ್ಗಟ್ಟು ಎಂದೆಲ್ಲ ಈಗ ಮೈಕು ಹಿಡಿದು ಹೇಳುತ್ತಾರೆ. ಉರಿಗಾಂನಲ್ಲಿ ಚಿನ್ನದ ಗಣಿ ಕೆಲಸದವರ ಲೈನಿನ ಮನೆಗಳಲ್ಲಿ ನಮಗೆ ಆ ಮಾತು ಗೊತ್ತಿರಲಿಲ್ಲ. ಇದ್ದದ್ದು ತಡಿಕೆ ಗೋಡೆ. ಒಬ್ಬರು ಸೀನಿದರೆ ಮೂರು ಮನೆಯವರು ನೂರು ವರ್ಷ ಬಾಳು ಅನ್ನಬೇಕಾಗುತ್ತಿತ್ತು.

ಅಂಥ ಕಡೆ ರಾತ್ರಿ ಶಿಫ್ಟು ಮುಗಿಸಿದ ಗಂಡಸು ಹಗಲು ಮಲಗುವುದು ಹೇಗೆ? ಅದಕ್ಕೊಂದು ಕಟ್ಟಳೆ ಇತ್ತು. ಬಾಗಿಲ ಮುಂದೆ ಬೂಟು ಮಗುಚಿಟ್ಟಿದ್ದರೆ ಒಳಗೆ ನಿದ್ದೆ ಎಂದರ್ಥ. ಆಗ ಯಾರೂ ರಾಗಿ ಬೀಸುವಂತಿಲ್ಲ. ಬೀದಿಗೆ ಇದ್ದದ್ದೇ ಒಂದು ರೇಡಿಯೋ, ಅದೂ ಬಾಯಿ ಮುಚ್ಚಬೇಕು. ಜಗಳವನ್ನು ಕೈ ತಿರುವಿಯೇ ಆಡಬೇಕು. ನಿದ್ದೆಗೆಟ್ಟವನು ಭೂಮಿಯೊಳಗೆ ಇಳಿದರೆ ಜೊತೆಯವರಿಗೂ ಆಪತ್ತು. ಕುಂಭಕರ್ಣನನ್ನು ಎಬ್ಬಿಸಿದ್ದನ್ನು ಹರಿಕಥೆಯವರು ಗಂಟೆಗಟ್ಟಲೆ ಹೇಳುತ್ತಾರೆ. ಅವನು ಮಲಗಿದ್ದಾಗ ಲಂಕೆಯ ಹೆಂಗಸರು ಹಿಟ್ಟು ಎಲ್ಲಿ ಬೀಸಿಕೊಂಡರು ಎಂದು ಒಬ್ಬ ದಾಸರೂ ಹೇಳಿದ್ದು ನಾನು ಕೇಳಿಲ್ಲ.

ಬಂಗಾರಪೇಟೆಯಿಂದ ಹೆಣ್ಣು ನೋಡಲು ಬಂದ ದಿನ ಕನ್ನಿಯಮ್ಮನ ಬಾಗಿಲಲ್ಲಿ ಅವಳ ಗಂಡನ ಬೂಟು ಮಗುಚಿತ್ತು. ನಾನು ಪಿಸುಗುಟ್ಟಿ ಕಾಫಿ ಕೊಟ್ಟೆ. ನಾದಿನಿ ಪಿಸುಗುಟ್ಟಿ ಹೆಸರು ಹೇಳಿದಳು. ಗಂಡಿನ ತಾಯಿಗೆ ಕಿವಿ ಮಂದ.

"ಉಡ್ಗಿ ಮೂಗೀನಾ?" ಎಂದರು.

ಪಕ್ಕದಲ್ಲಿ ಒಬ್ಬರು ಮಲಗಿದ್ದಾರೆ ಎಂದು ಅವರ ತಮ್ಮನಿಗೆ ಮೆಲ್ಲಗೆ ಹೇಳಿದೆ. ಅವನು ನಂಬಲಿಲ್ಲ.

"ಒಬ್ಬ ಮನಗಿದ್ರೆ ಬೀದಿಯೆಲ್ಲಾ ಬಾಯ್ ಮುಚ್ಕತದಾ? ಇಲ್ಲೇನೋ ಸಾವಾಗದೆ, ಮುಚ್ಚಿಡ್ತಾವ್ರೆ. ನಡಿಯಕ್ಕ," ಎಂದು ಎದ್ದೇ ಬಿಟ್ಟ.

ನಾದಿನಿಗೆ ಅದು ನಾಲ್ಕನೇ ಸಂಬಂಧ. ಕೂಗಿ ಕರೆಯಲು ಬಾಯಿ ತೆರೆದೆ, ಬೂಟು ಕಂಡಿತು, ಮುಚ್ಚಿದೆ. ದೊಡ್ಡತನವಲ್ಲ, ರೂಢಿ.

ತಡಿಕೆಯ ಆಚೆ ಎಲ್ಲ ಕೇಳಿಸಿಕೊಂಡಿದ್ದ ಕನ್ನಿಯಮ್ಮ ಹೊರಗೆ ಬಂದು ಬೂಟನ್ನು ನೆಟ್ಟಗಿಟ್ಟಳು.

"ಪೇಸುಂಗಮ್ಮಾ, ಜೋರಾಗಿ ಮಾತಾಡಿ. ನಮ್ಮನೆಯೋರು ಎದ್ದವ್ರೆ. ಈ ಉಡ್ಗಿ ಬಾಯಿ ಬಿಟ್ರೆ ಆಮ್ಯಾಕೆ ನೀವೇ ಸಾಕು ಅಂತೀರಿ."

ಗಂಡ ಎದ್ದಿರಲಿಲ್ಲ, ಅವಳೇ ಎಬ್ಬಿಸಿದ್ದಳು. ಪಾಪ, ಅಂಗಿಯನ್ನು ತಿರುವುಮುರುವಾಗಿ ತೊಟ್ಟು, ಆಕಳಿಸುತ್ತ ಬಂದು ಸಾಕ್ಷಿಗೆ ನಿಂತ. ಹಿಡಿದಿಟ್ಟ ಸದ್ದನ್ನೆಲ್ಲ ಬೀದಿ ಒಟ್ಟಿಗೇ ಬಿಟ್ಟಿತು: ಬೀಸುಕಲ್ಲು, ಒನಕೆ, ಮಕ್ಕಳು. ಅದರ ಮೇಲೆ ನಾದಿನಿ ಗಂಟಲೆತ್ತಿ ತನ್ನ ಹೆಸರು ಹೇಳಿದಳು. ಬೀಗಿತ್ತಿ ನಕ್ಕರು. ಸಂಬಂಧ ಕುದುರಿತು.

ಪ್ರೀತಿ ಇದ್ದವರು ಮಾತ್ರ ಒಟ್ಟಿಗಿರಬೇಕು ಎಂದರೆ ಯಾವ ಬೀದಿಯೂ ಎರಡು ಮನೆ ದಾಟುವುದಿಲ್ಲ. ಕನ್ನಿಯಮ್ಮನ ಮೇಲೆ ನನಗೆ ಆಮೇಲೂ ಅಂಥ ಪ್ರೀತಿಯೇನೂ ಹುಟ್ಟಲಿಲ್ಲ. ಆದರೆ ಅವಳ ಗಂಡನ ನಿದ್ದೆ ಕೆಟ್ಟಿತ್ತಲ್ಲ.

ಮರುದಿನ ಬೆಳಗ್ಗೆ, ಅವನು ಶಿಫ್ಟು ಮುಗಿಸಿ ಬಂದು ಮಲಗುವಷ್ಟರಲ್ಲಿ, ಲೈನಿನ ಒಂಬತ್ತು ಮಕ್ಕಳನ್ನು ರೈಲು ಹತ್ತಿಸಿಕೊಂಡು ಬಂಗಾರಪೇಟೆಗೆ ಹೋದೆ. ಬಾಗಿಲು ತೆಗೆದ ಬೀಗಿತ್ತಿಯ ಕಿವಿಗೆ ಬಾಯಿಟ್ಟು ಹೇಳಿದೆ:

"ಅಮ್ಮ, ಸಂಜೆಗಂಟ ಈ ಸದ್ದು ನಿಮ್ಮನೇಲಿರ್ಲಿ. ನಮ್ ಬೀದೀಲಿ ಒಬ್ರು ಮನಗವ್ರೆ."