ಟುಲಿಪ್ ಕೊಯ್ದ ಬೆಳಿಗ್ಗೆ

ಟುಲಿಪ್ ಬೆಳೆಸುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲಿಲ್ಲ. ಇದನ್ನು ಜಂಬ ಎನ್ನುವವರು ಎನ್ನಲಿ. ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನ ಈ ಜೇಡಿಮಣ್ಣಿನಲ್ಲಿ ನೀರು ನಿಂತರೆ ಗಡ್ಡೆ ಕೊಳೆತೇ ಹೋಗುತ್ತದೆ. ನಾನು ನವೆಂಬರಿನ ಚಳಿಯಲ್ಲಿ ಮೊಣಕಾಲೂರಿ ಕುಳಿತು, ಗೇಣು ಆಳದ ಗುಂಡಿ ತೆಗೆದು, ತಳಕ್ಕೆ ಒಂದು ಹಿಡಿ ಸಣ್ಣ ಜಲ್ಲಿ ಹಾಕಿ, ಒಂದೊಂದೇ ಗಡ್ಡೆಯನ್ನು ಮೂತಿ ಮೇಲಾಗಿ ಕೂರಿಸುತ್ತೇನೆ. ಮೇಲೆ ತಂತಿಬಲೆ ಹಾಸದಿದ್ದರೆ ಎರಡೇ ದಿನದಲ್ಲಿ ಅಳಿಲುಗಳು ಅಗೆದು ತಿಂದು ಮುಗಿಸುತ್ತವೆ. ಮ್ಯಾಕಲ್ಸ್‌ಫೀಲ್ಡಿನ ಔಷಧ ಕಾರ್ಖಾನೆಯಲ್ಲಿ ಮಾತ್ರೆಗಳನ್ನು ಪರೀಕ್ಷೆ ಮಾಡುವ ಕೆಲಸ ನನ್ನದು. ಅಲ್ಲಿಯ ಪಾಳಿಯ ಪಟ್ಟಿ ಕೈಗೆ ಬಂದ ಕೂಡಲೇ ನಾನು ಮೊದಲು ಗುರುತು ಹಾಕುವುದು ಗಡ್ಡೆ ನೆಡುವ ರಜೆಯನ್ನು.

ಈ ವಿದ್ಯೆ ಹೇಳಿಕೊಟ್ಟವರು ಬೇಲಿಯಾಚೆಯ ಮನೆಯ ಅಜ್ಜಿ. ಹುಟ್ಟಿದಾಗಿನಿಂದ ಇದೇ ಊರಿನವರು, ಎಲ್ಲರನ್ನೂ 'ಲವ್' ಎಂದೇ ಕರೆಯುವವರು. ಹೂದಾನಿಗೆ ಬೇಕಾದರೆ ಮೊಗ್ಗಿಗೆ ಬಣ್ಣ ಬಂದಿರಬೇಕು, ಆದರೆ ಬಿರಿದಿರಬಾರದು, ಆಗಲೇ ಕತ್ತರಿಸಬೇಕು ಎಂದು ಅವರು ಮೊದಲ ವರ್ಷ ಹೇಳಿದಾಗ ನನಗೆ ನಗು ಬಂತು. ಇದನ್ನು ನನಗೆ ಹೇಳಬೇಕೆ? ಉಡುಪಿಯ ಹತ್ತಿರ ನನ್ನ ಅಮ್ಮನಿಗೆ ಮಲ್ಲಿಗೆ ತೋಟವಿದೆ. ನಾನು ಓದಿದ್ದು, ಡಿಗ್ರಿ ಮಾಡಿದ್ದು ಎಲ್ಲ ಆ ಮಲ್ಲಿಗೆಯಿಂದಲೇ. ಬಿಸಿಲು ಏರುವ ಮುಂಚೆ ಮೊಗ್ಗು ಬುಟ್ಟಿಗೆ ಬೀಳಬೇಕು, ಅರಳಿದ ಹೂವನ್ನು ಯಾರೂ ಕೇಳುವುದಿಲ್ಲ. ಹಾಗೆ ಬೆಳೆದವಳು ನಾನು.

ಎರಡು ವರ್ಷದ ಹಿಂದೆ ಅಮ್ಮ ಆರು ವಾರ ನಮ್ಮ ಜೊತೆ ಇರಲು ಬಂದಳು. ಏಪ್ರಿಲ್ ತಿಂಗಳು. ಮಲ್ಲಿಗೆ ತೋಟವನ್ನು ಚಿಕ್ಕಮ್ಮನ ಕೈಗೆ ಕೊಟ್ಟು ಬರುವುದು ಅವಳಿಗೆ ಸುಲಭವಾಗಿರಲಿಲ್ಲ. ಬಂದ ಎರಡನೆಯ ದಿನಕ್ಕೇ ನಮ್ಮ ಅಡುಗೆಮನೆಯ ಡಬ್ಬಿಗಳೆಲ್ಲ ಜಾಗ ಬದಲಾಯಿಸಿದವು. ನನ್ನ ಗಂಡ ಸಕ್ಕರೆ ಎಲ್ಲಿದೆ ಎಂದು ಅವಳನ್ನೇ ಕೇಳಬೇಕಾಯಿತು. ಮನೆ ಅವಳದೇ ಆಗಿತ್ತು, ನನಗೂ ಅದು ಇಷ್ಟವಾಗಿತ್ತು.

ಆ ವಾರವೇ ಪಕ್ಕದ ಮನೆಯ ಅಜ್ಜಿಗೆ ಮದುವೆಯಾಗಿ ಐವತ್ತು ವರ್ಷ ತುಂಬುತ್ತಿತ್ತು. ಶನಿವಾರ ಚರ್ಚಿನ ಸಭಾಂಗಣದಲ್ಲಿ ಊಟ. ಯಾರೂ ಕೇಳದೆ ನಾನೇ ಮುಂದೆ ಬಿದ್ದು ಹೇಳಿದೆ: ಹತ್ತು ಮೇಜಿಗೆ ತಲಾ ಆರು, ಉದ್ದ ದಂಟಿನ ಕೆಂಪು ಟುಲಿಪ್, ಎಲ್ಲ ನನ್ನ ತೋಟದ್ದೇ. ಅಷ್ಟು ಸಿಗುತ್ತದೆಯೇ ಎಂದು ಅವರು ಅನುಮಾನಪಟ್ಟರು. ಬರೆದಿಟ್ಟುಕೊಳ್ಳಿ ಎಂದೆ. ನನಗೆ ಕಲಿಸಿದವರ ಮುಂದೆ ನಾನು ಕಲಿತದ್ದನ್ನು ಅರವತ್ತು ಹೂವಿನಲ್ಲಿ ತೋರಿಸುವ ಆಸೆ.

ಗುರುವಾರ ಸಂಜೆ ಅಮ್ಮನನ್ನು ಪಾತಿಯ ಹತ್ತಿರ ಕರೆದುಕೊಂಡು ಹೋದೆ. ಪಕ್ಕದ ಮನೆಯ ಊಟಕ್ಕೆ ಎಂದು ಹೇಳಿ, "ನಾಳೆ ಬೆಳಿಗ್ಗೆ ಎಲ್ಲಾ ಕೊಯ್ಲಿಕ್ಕುಂಟು ಅಮ್ಮ, ಅರಳುವ ಮುಂಚೆ" ಅಂದೆ. ಅವಳು ಒಂದು ಮೊಗ್ಗನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ಒತ್ತಿ ನೋಡಿ ತಲೆಯಾಡಿಸಿದಳು.

ಶುಕ್ರವಾರ ಏಳು ಗಂಟೆಗೆ ನಾನು ಕತ್ತರಿ, ನೀರು ತುಂಬಿದ ಬಕೆಟ್ ಹಿಡಿದುಕೊಂಡು ಹಿಂದಿನ ಬಾಗಿಲು ತೆಗೆದೆ. ಪಾತಿಯಲ್ಲಿ ತಲೆಯಿಲ್ಲದ ಅರವತ್ತು ದಂಟು ನಿಂತಿದ್ದವು. ಅಡುಗೆಮನೆಯ ಮೇಜಿನ ಮೇಲೆ, ನಾನು ಕೆಳಗೆ ಬರುವಾಗ ನೋಡದೇ ದಾಟಿ ಬಂದಿದ್ದ ದೊಡ್ಡ ಹರಿವಾಣದಲ್ಲಿ, ಒದ್ದೆ ಬಟ್ಟೆಯ ಮೇಲೆ ಅರವತ್ತು ಕೆಂಪು ಮೊಗ್ಗು ಸಾಲಾಗಿ ಕುಳಿತಿದ್ದವು. ಒಂದೊಂದಕ್ಕೂ ಅರ್ಧ ಇಂಚು ತೊಟ್ಟು, ಅಷ್ಟೇ. ಒಂದೂ ನಲುಗಿರಲಿಲ್ಲ.

"ಎಂತ ಮಾಡಿದ್ದು ಅಮ್ಮ ನೀನು?"

"ನೀನೇ ಹೇಳಿದ್ದಲ್ವಾ ಕೊಯ್ಲಿಕ್ಕುಂಟು ಅಂತ. ನಿಂಗೆ ಕೆಲಸಕ್ಕೆ ತಡ ಆಗ್ತದೆ ಅಂತ ನಾನೇ ಕೊಯ್ದೆ. ಒಂದೂ ಅರಳ್ಲಿಲ್ಲ, ನೋಡು."

ಅವಳ ಮುಖದಲ್ಲಿ ಖುಷಿಯಿತ್ತು. ತಪ್ಪು ಅವಳದಲ್ಲ ಎಂದು ಈಗ ಹೇಳಬಲ್ಲೆ. ಹೂ ಕೊಯ್ಯುವುದು ಎಂದರೆ ನಮ್ಮಲ್ಲಿ ತೊಟ್ಟಿನ ಬುಡಕ್ಕೆ ಉಗುರು ತಾಗಿಸಿ ಹೂವನ್ನು ಮಾತ್ರ ಬಿಡಿಸುವುದು. ದೇವರಿಗಾಗಲಿ ಮುಡಿಗಾಗಲಿ ಮೊಳದುದ್ದ ದಂಟು ಯಾರಿಗೆ ಬೇಕು? ದಂಟು ಸಮೇತ ಕತ್ತರಿಸಿದರೆ ಅದು ಸೊಪ್ಪು ಕೊಯ್ದ ಹಾಗೆ. ಇಪ್ಪತ್ತು ವರ್ಷದಿಂದ ನಾನು ಹೂದಾನಿ ನೋಡಿ ನೋಡಿ ಆ ಮಾತಿನ ಅರ್ಥವನ್ನೇ ನನಗೆ ಬೇಕಾದ ಹಾಗೆ ತಿರುಗಿಸಿಕೊಂಡಿದ್ದೆ. ಅಮ್ಮನ ಬಾಯಲ್ಲಿ ಅದು ಇದ್ದ ಹಾಗೇ ಇತ್ತು.

ಆದರೆ ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಆವತ್ತು ಕಣ್ಣ ಮುಂದೆ ಇದ್ದದ್ದು ಬರಿದಾದ ಹತ್ತು ಮೇಜು ಮತ್ತು ಹೋದ ನನ್ನ ಮಾನ. "ಇದು ನಿನ್ನ ಮಲ್ಲಿಗೆ ತೋಟ ಅಲ್ಲ ಅಮ್ಮ. ಗೊತ್ತಿಲ್ಲದ್ದನ್ನು ಮುಟ್ಬೇಡ" ಅಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು.

ಹರಿವಾಣ ಹಿಡಿದುಕೊಂಡು ಪಕ್ಕದ ಮನೆಗೆ ಹೋಗಿ ನಡೆದದ್ದನ್ನು ಒಪ್ಪಿಕೊಂಡೆ. ಅಜ್ಜಿ ಹರಿವಾಣವನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಬೇಲಿಯ ಮೇಲಿಂದ ನನ್ನ ಪಾತಿಯನ್ನು ನೋಡಿದರು. ಯಾರು ಮಾಡಿದ್ದು ಎಂದು ಕೇಳಿದರು. ಅಮ್ಮ ಎಂದೆ. ಒಂದು ಎಲೆ ಹರಿದಿಲ್ಲ, ಒಂದು ದಂಟು ಮುರಿದಿಲ್ಲ, ನಿನ್ನ ಅಮ್ಮನಿಗೆ ಗಿಡ ಗೊತ್ತು ಎಂದರು. ನೀನು ಪ್ರತಿ ವರ್ಷ ಎಲೆ ಸಮೇತ ಕತ್ತರಿಸುತ್ತೀ, ಮತ್ತೆ ಗಡ್ಡೆ ಏಕೆ ಸೊರಗಿತು ಎಂದು ನನ್ನನ್ನು ಕೇಳುತ್ತೀ, ಊಟ ಮಾಡಿ ಹಾಕುವ ಎಲೆಯನ್ನೇ ಉಳಿಸದಿದ್ದರೆ ಗಡ್ಡೆ ಏನು ತಿನ್ನಬೇಕು ಲವ್ ಎಂದರು. ಆಮೇಲೆ, ಸೂಪ್ ಬಟ್ಟಲಿನಲ್ಲಿ ನೀರು ಹಾಕಿ ತೇಲಿಬಿಟ್ಟರಾಯಿತು, ಎದುರಿಗೆ ಕುಳಿತವರ ಮುಖವಾದರೂ ಕಾಣುತ್ತದೆ ಎಂದು ನಕ್ಕರು. ಶನಿವಾರ ಹಾಗೇ ಮಾಡಿದೆವು. ಸಭಾಂಗಣದ ಬಿಸಿಗೆ ಮೊಗ್ಗುಗಳೆಲ್ಲ ಕೇಕ್ ಕತ್ತರಿಸುವ ಹೊತ್ತಿಗೆ ಬಟ್ಟಲಿನಲ್ಲೇ ಅರಳಿದವು. ಎಲ್ಲರೂ ಹೊಗಳಿದರು. ನನ್ನ ಮಾನ ಎಲ್ಲಿಗೂ ಹೋಗಲಿಲ್ಲ.

ಹೋದದ್ದು ಬೇರೆ. ಆವತ್ತಿನಿಂದ ಅಮ್ಮ ಏನು ಮಾಡುವುದಕ್ಕೂ ನನ್ನನ್ನು ಕೇಳತೊಡಗಿದಳು. ಗ್ಯಾಸ್ ಹೊತ್ತಿಸ್ಲಾ? ಈ ಲೋಟ ತೆಗೀಲಾ? ಬಟ್ಟೆ ಹೊರಗೆ ಹಾಕ್ಲಾ? ಸಿಟ್ಟಿಲ್ಲ, ಕೊಂಕಿಲ್ಲ, ನೆಂಟರ ಮನೆಗೆ ಬಂದವರು ಕೇಳುವ ಹಾಗೆ ಮರ್ಯಾದೆಯಿಂದ ಕೇಳುತ್ತಿದ್ದಳು. ಡಬ್ಬಿಗಳು ಒಂದೊಂದಾಗಿ ನಾನು ಮೊದಲು ಇಟ್ಟಿದ್ದ ಜಾಗಕ್ಕೆ ಮರಳಿದವು. ಅಜ್ಜಿ ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದೆ. "ಹೌದಾ" ಎಂದಳು, ಅಷ್ಟೇ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೆನೋ, ನನ್ನ ಮನೆಯಲ್ಲೇ ಅದು ನಿಜವಾಯಿತು. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದಲ್ಲಿ ಕೊನೆಗೂ ಬಾಯಿ ಬಿಟ್ಟು "ತಪ್ಪಾಯ್ತಮ್ಮ" ಅಂದೆ. ಅವಳು ನನ್ನ ಕೋಟಿನ ಗುಂಡಿ ಹಾಕಿ, ಬ್ಯಾಗ್ ಹೆಗಲಿಗೇರಿಸಿಕೊಂಡು, "ಒಳಗೆ ಹೋಗ್ಲಾ?" ಎಂದು ಕೇಳಿದಳು. ಕಾರಿನಲ್ಲಿ ಮನೆಯವರೆಗೂ ಅತ್ತೆ.

ಆ ವರ್ಷ ಪಾತಿಯ ಎಲೆಗಳು ಹಳದಿಯಾಗಿ, ಒಣಗಿ, ತಾವಾಗಿ ಮಲಗುವವರೆಗೆ ಮುಟ್ಟಲಿಲ್ಲ. ಹುಲ್ಲು ಕತ್ತರಿಸುವ ಯಂತ್ರ ಹಿಡಿದು ಬಂದ ಗಂಡನನ್ನು ಎರಡು ಸಲ ಗದರಿ ಕಳಿಸಿದೆ. ಎರಡನೆಯ ವರ್ಷದ ಟುಲಿಪ್ ಸಾಮಾನ್ಯವಾಗಿ ಬಡಕಲು. ಆದರೆ ಮರುವರ್ಷ ಏಪ್ರಿಲ್‌ನಲ್ಲಿ ಎದ್ದ ಮೊಗ್ಗುಗಳು ಮೊದಲಿಗಿಂತ ದಪ್ಪ, ದಂಟು ನನ್ನ ಹೆಬ್ಬೆರಳಿನಷ್ಟು. ಬೇಲಿಯಾಚೆಯ ಅಜ್ಜಿ ನೋಡಿ ಹುಬ್ಬು ಏರಿಸಿದರು.

ಒಂದು ಬೆಳಿಗ್ಗೆ ಆರೂವರೆಗೆ ಪಾತಿಯ ಪಕ್ಕ ನಿಂತು ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಊರಿನಲ್ಲಿ ಹನ್ನೊಂದು. ಅವಳು ಜಗಲಿಯಲ್ಲಿ ಕುಳಿತು ಬಾಳೆ ನಾರಿನಲ್ಲಿ ಕೊನೆಯ ಮಲ್ಲಿಗೆ ಕಟ್ಟುತ್ತಿದ್ದಳು. ಫೋನನ್ನು ಹೂವಿನ ಕಡೆ ತಿರುಗಿಸಿದೆ.

"ಅಮ್ಮ, ಕೊಯ್ಲಾ?"

ಅವಳ ಕೈ ನಿಂತಿತು. "ನಿನ್ನ ತೋಟ. ನನ್ನ ಹತ್ರ ಎಂತಕ್ಕೆ ಕೇಳುದು?"

"ನೀನು ಹೇಳು. ಕೊಯ್ಲಾ?"

ಅವಳು ಕಟ್ಟುತ್ತಿದ್ದ ಮಲ್ಲಿಗೆಯನ್ನು ಬದಿಗಿಟ್ಟಳು. ಆಮೇಲೆ ಅವಳ ಮುಖ ಪರದೆಯ ಹತ್ತಿರ ಬಂತು, ಕನ್ನಡಕ ಮೂಗಿನ ಮೇಲೆ ಸರಿಯಿತು.

"ಫೋನು ಇನ್ನೂ ಹತ್ರ ಹಿಡಿ ಮಾರಾಯ್ತಿ, ಎಂತದೂ ಕಾಣುದಿಲ್ಲ. ಈಚೆ ಬದಿದು ಕೊಯ್ಯಿ. ಆ ಗೋಡೆ ಬದಿದು ಇನ್ನೂ ಬಲಿಲಿಲ್ಲ, ಅದನ್ನು ಮುಟ್ಬೇಡ. ನಾಳೆ ಇದೇ ಹೊತ್ತಿಗೆ ತೋರಿಸು, ಮತ್ತೆ ಹೇಳ್ತೇನೆ."

ನಾನು ಕತ್ತರಿಯನ್ನು ಕೋಟಿನ ಜೇಬಿಗೆ ಹಾಕಿ, ಈಚೆ ಬದಿಯ ಮೊದಲ ಮೊಗ್ಗಿನ ಬುಡಕ್ಕೆ ಉಗುರು ತಾಗಿಸಿದೆ.