ಹಿಡಿದವನನ್ನು ಬಿಡುವ ಆಟ

ನನ್ನ ತೋಳಿನಲ್ಲಿ ಸಿಕ್ಕಿಬಿದ್ದ ಲೆಬನಾನಿನ ದಢೂತಿ ಆಟಗಾರ ‘ಬಿಡು, ಬಿಡು’ ಎಂದು ಕಿರುಚುತ್ತಿದ್ದ. ರೆಫ್ರಿಯೂ ಅದನ್ನೇ ಕೂಗುತ್ತಿದ್ದ. ನಾನು ಇನ್ನಷ್ಟು ಬಿಗಿಯಾಗಿ ಹಿಡಿದೆ.

ಊರಲ್ಲಿ ನಾನು ಕಬಡ್ಡಿಯ ಕ್ಯಾಚರ್. ದಾಳಿಗೆ ಬಂದವನನ್ನು ಸೀಟಿ ಬೀಳುವವರೆಗೆ ಬಿಡಬಾರದು; ಬಿಟ್ಟರೆ ಅವನು ಗೆರೆ ಮುಟ್ಟುತ್ತಾನೆ, ಹಿಡಿದವರೆಲ್ಲ ಔಟ್. ಕುವೈತಿಗೆ ಬಂದು ಕಲಿತ ರಗ್ಬಿ ಲೀಗ್‌ನಲ್ಲಿ ಎಲ್ಲ ಉಲ್ಟಾ. ಚೆಂಡು ಹಿಡಿದು ನುಗ್ಗುವವನನ್ನು ಕೆಡವಬೇಕು, ಕೆಡವಿದ ಕೂಡಲೇ ಬಿಡಬೇಕು. ಅವನು ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ತಳ್ಳಿ ಆಟ ಮುಂದುವರಿಸುತ್ತಾನೆ. ಬಿಡದಿದ್ದರೆ ಪೆನಾಲ್ಟಿ. ಕಷ್ಟಪಟ್ಟು ಹಿಡಿದವನನ್ನು ಮರ್ಯಾದೆಯಿಂದ ಎಬ್ಬಿಸಿ ಕಳಿಸುವುದು ಎಂಥ ಆಟವೋ!

ಆದರೂ ಆ ರಗ್ಬಿ ತಂಡ ನನಗೆ ಬೇಕಿತ್ತು. ಶುವೈಖ್‌ನ ಬಿಡಿಭಾಗಗಳ ಗೋದಾಮಿನಲ್ಲಿ ನಾನು ಬರೀ ‘ಸದೀಕ್’. ಗೆಳೆಯ ಎಂದರ್ಥ, ಹೆಸರು ಕೇಳುವ ಗೋಜಿಗೆ ಹೋಗದವರು ಹಾಗೆ ಕರೆಯುತ್ತಾರೆ. ಜೀಪಿನ ಸಾಮಾನು ಕೊಳ್ಳಲು ಬಂದ ಆಸ್ಟ್ರೇಲಿಯಾದವನೊಬ್ಬ, ನಾನು ಗೇರ್‌ಬಾಕ್ಸ್ ಎತ್ತುವುದನ್ನು ನೋಡಿ ಹೆಸರು ಕೇಳಿದ್ದ. ಅವನೇ ಕೋಚ್. ಹಿಂದೆ ಸಂಬಳಕ್ಕೆ ಫಾರ್ವರ್ಡ್ ಆಗಿ, ಅಂದರೆ ಎದುರಾಳಿಗಳ ಸಾಲಿಗೆ ಮೊದಲು ಡಿಕ್ಕಿ ಹೊಡೆಯುವವನಾಗಿ ಆಡಿ, ಮೂಗು ಮಂಡಿ ಎರಡನ್ನೂ ಕೆಡಿಸಿಕೊಂಡವನು. ನನ್ನನ್ನೂ ಫಾರ್ವರ್ಡ್ ಮಾಡಿದ್ದ. ಲೆಬನಾನಿನವನ ಪ್ರಕರಣ ಆದ ಮೇಲೆ, “ಸುರೇಶ್, ಇನ್ನೊಮ್ಮೆ ಹೀಗೆ ಹಿಡಿದುಕೊಂಡರೆ ತಂಡದಲ್ಲಿ ನಿನಗೆ ಜಾಗ ಇಲ್ಲ” ಎಂದ.

ಉಪಾಯ ಗೋದಾಮಿನಲ್ಲೇ ಸಿಕ್ಕಿತು. ಲಾರಿಯಿಂದ ಇಳಿಸುವ ಎಂಜಿನ್ ನೆಲ ಮುಟ್ಟಿದೊಡನೆ ನಮ್ಮ ಮೇಸ್ತ್ರಿ, ಉಳ್ಳಾಲದ ನೌಶಾದ್, ‘ಖಲಾಸ್’ ಅನ್ನುತ್ತಾನೆ. ಮುಗಿಯಿತು ಎಂದರ್ಥ; ಎಲ್ಲರೂ ಕೈ ಬಿಡುತ್ತೇವೆ.

“ಆಟದಲ್ಲಿ ಸಹ ಹಾಗೇ ಹೇಳು ಮಾರಾಯ. ಬಿದ್ದನಾ, ಖಲಾಸ್. ಅವನನ್ನು ರೂಮಿಗೆ ತಕೊಂಡು ಹೋಗ್ಲಿಕ್ಕುಂಟಾ?” ಎಂದ ನೌಶಾದ್.

ಮುಂದಿನ ಪಂದ್ಯದಲ್ಲಿ ಕೆಡವಿದಾಗಲೆಲ್ಲ ‘ಖಲಾಸ್’ ಎಂದೆ. ಎದುರಾಳಿಗಳು ನಕ್ಕರು, ಆದರೆ ನನ್ನಿಂದ ಒಂದೂ ಪೆನಾಲ್ಟಿ ಹೋಗಲಿಲ್ಲ. ಕೋಚ್ ಬೆನ್ನಿಗೆ ಗುದ್ದಿ, “ಮುಂದಿನ ಪಂದ್ಯಕ್ಕೂ ನೀನೇ ಫಾರ್ವರ್ಡ್, ಸುರೇಶ್” ಎಂದ. ಆ ಸಂಜೆ ನೌಶಾದ್ ಜೊತೆ ಫಹಾಹೀಲಿನ ಕಡಲ ದಂಡೆಯಲ್ಲಿ ಶವರ್ಮಾ ತಿಂದೆ. ಈ ದೇಶದಲ್ಲಿ ಅಷ್ಟು ಖುಷಿಯಿಂದ ಹಿಂದೆ ಏನನ್ನೂ ತಿಂದಿರಲಿಲ್ಲ.

ರಜೆಗೆ ಊರಿಗೆ ಹೋದಾಗ ಹಳೆಯ ಕಬಡ್ಡಿ ತಂಡ ಕಾಯುತ್ತಿತ್ತು. ‘ಕುವೈತಿನಿಂದ ಬಂದ ನಮ್ಮ ಸುರೇಶಣ್ಣ’ ಎಂದು ಮೈಕಿನಲ್ಲಿ ಕೂಗಿದರು, ಎದೆ ಉಬ್ಬಿತು. ಕೊನೆಯ ದಾಳಿ. ನನ್ನ ತಮ್ಮ ದಿನೇಶ ದಾಳಿಗಾರನ ಸೊಂಟ ತಬ್ಬಿದ, ನಾನು ಕಾಲು ಹಿಡಿದೆ. ಅವನು ದೊಪ್ಪನೆ ಬಿದ್ದ. ನನ್ನ ಬಾಯಿಂದ ‘ಖಲಾಸ್’ ಬಂತು, ಕೈ ತಾನಾಗಿ ಸಡಿಲವಾಯಿತು. ಅವನು ಕಾಲು ಚಾಚಿ ಗೆರೆ ಮುಟ್ಟಿದ. ನಾವಿಬ್ಬರೂ ಔಟ್, ಪಂದ್ಯವೂ ಹೋಯಿತು.

“ಸೀಟಿ ಬೀಳುವ ಮೊದಲೇ ಎಂಥ ಖಲಾಸ್ ಅಣ್ಣಾ?” ಎಂದ ದಿನೇಶ, ನನ್ನ ಮುಖ ನೋಡದೆ.

ಮರುದಿನದ ಪಂದ್ಯಕ್ಕೆ ನನ್ನನ್ನು ಅಂಗಳದ ಹೊರಗೆ ಕುರ್ಚಿ ಹಾಕಿ ಕೂರಿಸಿದರು. ಮೈಕಿನವನು ‘ಕುವೈತಿನಿಂದ ಬಂದ ಅತಿಥಿಗಳಿಗೆ ಸ್ವಾಗತ’ ಎಂದ. ಹೆಸರು ಹೇಳಲಿಲ್ಲ.